ಆರನೆಯವನ ಬ್ಯಾಂಬರ್ಗ್

ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಇಲ್ಲ. ವಯಸ್ಸಿನ ಮೇಲೆ ಹಾಕಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ನಾನು ವಿಶ್ವವಿದ್ಯಾಲಯದಲ್ಲಿ ಕಲಿತದ್ದೇ ಸಂಶಯಪಡುವುದನ್ನು. ನಾವಿರುವ ಈ ಗಲ್ಫ್ ದೇಶದಲ್ಲಿ ಬೆಳಿಗ್ಗೆ ಕಂಪನಿ ಬಸ್ಸು ಅಲ್ ಖೋರ್ ಊರನ್ನು ದಾಟುತ್ತಿದ್ದಂತೆ, ಮನೆಯ ಗ್ಯಾಸ್ ಆರಿಸಿದೆನೇ ಎಂದು ಶುರುವಾಗುತ್ತದೆ. ದಿನವಿಡೀ ಗ್ಯಾಸ್ ಪ್ಲಾಂಟಿನ ನೂರಾರು ವಾಲ್ವುಗಳ ಹೊಣೆ ಹೊರುವವನಿಗೆ ಮನೆಯ ಒಂದು ವಾಲ್ವಿನ ಭರವಸೆ ಇಲ್ಲ. ಹೆಂಡತಿ ಸುನಂದಾಗೆ ಫೋನ್ ಮಾಡಿದರೆ, "ನೀವು ಒಲಿ ಹಚ್ಚೇ ಇಲ್ರೀ, ಚಾ ಮಾಡಿದಾಕಿ ನಾನು" ಅನ್ನುತ್ತಾಳೆ. ಇಂಥ ನಾನು ಒಂದೇ ಒಂದು ನೆನಪನ್ನು ಎಂದೂ ಅನುಮಾನಿಸಿರಲಿಲ್ಲ. ಅದು ಜರ್ಮನಿಯ ಬ್ಯಾಂಬರ್ಗ್ ಎಂಬ ಊರಿನದು.

ನಾನು ಜರ್ಮನಿಯ ಬೇರೊಂದು ಊರಿನಲ್ಲಿ ಓದುವಾಗ ನಮ್ಮ ಹಾಸ್ಟೆಲಿನಲ್ಲಿ ಭಾರತದವರು ಆರು ಜನ ಇದ್ದೆವು. ಶನಿವಾರ ಬಂತೆಂದರೆ ಯಾವುದಾದರೂ ಊರು ನೋಡಲು ಹೊರಡುವುದು. ನಿಧಾನದ ರೈಲುಗಳಿಗೆಂದು ವಾರಾಂತ್ಯದ ಒಂದು ಟಿಕೆಟ್ ಇತ್ತು. ಒಂದೇ ಟಿಕೆಟ್ಟಿನಲ್ಲಿ ಐದು ಜನ ಹೋಗಬಹುದು. ಹೀಗಾಗಿ ಸರದಿಯಂತೆ ಒಬ್ಬ ಉಳಿದು ಅನ್ನ, ಸಾರು ಮಾಡಿಡಬೇಕು. ಹೋದವರು ಬಂದು ಉಣ್ಣುತ್ತ, ಅವನಿಗೆ ಆ ಊರನ್ನು ಒಂದಿಷ್ಟೂ ಬಿಡದೆ ಹೇಳಬೇಕು. ಎಲ್ಲಾದರೂ ಹಾರಿಸಿದರೆ ಅವನು ಸಾರು ಬಡಿಸುವುದನ್ನು ನಿಲ್ಲಿಸಬಹುದು. ಇದು ನಾವೇ ಮಾಡಿಕೊಂಡ ಕಾನೂನು.

ಬ್ಯಾಂಬರ್ಗಿನಲ್ಲಿ ಹೊಳೆಯ ನಡುವೆ ಹಳೆಯ ಪುರಭವನ ನಿಂತಿದೆ. ಅದರ ಹತ್ತಿರದ ಮೆಟ್ಟಿಲುಗಳಲ್ಲಿ ನಾನು ಜಾರಿ ಬಿದ್ದೆ. ಒಬ್ಬ ಅಜ್ಜಿ ಬೈಯುತ್ತಲೇ ನನ್ನ ಮೊಣಕಾಲಿಗೆ ತನ್ನ ಕರವಸ್ತ್ರ ಕಟ್ಟಿದಳು. ಒಂದಕ್ಷರ ತಿಳಿಯಲಿಲ್ಲ, ಆದರೆ ಧಾಟಿ ನಮ್ಮ ಅವ್ವನದೇ. ಆ ದೇಶದಲ್ಲಿ ನನಗೂ ಯಾರೋ ಇದ್ದಾರೆ ಅನ್ನಿಸಿದ್ದು ಅವತ್ತು. ಮಗಳು ಪ್ರಾಚಿಗೆ ತುತ್ತು ತಿನ್ನಿಸುವ ಕಾಲದಿಂದ ಈ ಕಥೆ ಹೇಳಿದ್ದೇನೆ.

ಈಗ ಪ್ರಾಚಿ ಅದೇ ದೇಶದಲ್ಲಿ ಓದುತ್ತಿದ್ದಾಳೆ. ಹೋಗಿ ನಾಲ್ಕು ತಿಂಗಳಾದರೂ ಒಬ್ಬರೂ ಸ್ನೇಹಿತರಿಲ್ಲ. ನಮಗೆ ಶುಕ್ರವಾರ, ಶನಿವಾರ ರಜೆ. ಅವಳಿಗೆ ಶನಿವಾರ, ಭಾನುವಾರ. ಎರಡೂ ಕಡೆ ಬಿಡುವಿರುವ ಶನಿವಾರವನ್ನು ಅವಳು ಪೂರ್ತಿ ನಮ್ಮ ಜೊತೆ ಫೋನಿನಲ್ಲೇ ಕಳೆಯುತ್ತಿದ್ದಳು. ಸುನಂದಾಗೆ ಅದು ಮೊದಲು ಖುಷಿ ಕೊಟ್ಟಿತು, ಆಮೇಲೆ ಹೆದರಿಕೆ ಹುಟ್ಟಿಸಿತು. ಕ್ಲಾಸಿನವರು ಊರು ನೋಡಲು ಕರೆದಾಗೆಲ್ಲ ತಲೆನೋವಿನ ನೆಪ ಹೇಳುತ್ತಿದ್ದವಳು, ಒಂದು ವಾರ ತಾನಾಗಿಯೇ ಹೊರಟುನಿಂತಳು. ಅವರು ಬ್ಯಾಂಬರ್ಗಿಗೆ ಹೋಗುತ್ತಿದ್ದಾರಂತೆ. ಅಪ್ಪನ ಮೆಟ್ಟಿಲು ನೋಡಬೇಕೆಂದು ತಾನೂ ಒಪ್ಪಿಕೊಂಡಳಂತೆ. ಅದು ಸರಿಯಾಗಿ ಎಲ್ಲಿದೆ ಎಂದು ಕೇಳಿದಳು.

ಸೇತುವೆಯ ಈಚೆಗೋ, ಆಚೆಗೋ? ಖಚಿತ ಮಾಡಿಕೊಳ್ಳಲು ಶುಕ್ರವಾರ ಇಲ್ಲಿಯದೇ ಐನ್ ಖಾಲಿದ್ ಬಡಾವಣೆಗೆ ಹೋದೆ. ಆ ಆರು ಜನರಲ್ಲಿ ಒಬ್ಬನಾದ ಇಕ್ಬಾಲ್ ಅಲ್ಲಿದ್ದಾನೆ, ಉಳ್ಳಾಲದವನು. ನಮಾಜು ಮುಗಿಸಿ ಬಂದು ಬಿರಿಯಾನಿ ಬಡಿಸುತ್ತಿದ್ದವನು, ನನ್ನ ಪ್ರಶ್ನೆಗೆ ಸೌಟು ಹಿಡಿದೇ ನಿಂತುಬಿಟ್ಟ.

"ನೀನು ಎಲ್ಲಿ ಬಂದದ್ದು ಮಾರಾಯಾ? ಬಿದ್ದದ್ದು ನಾನು. ಆ ವಾರ ಅಡಿಗೆ ನಿಂದು."

ಪ್ಯಾಂಟು ಮಡಚಿ ಮೊಣಕಾಲು ತೋರಿಸಿದ. ಕಲೆ ಇತ್ತು. ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನನ್ನ ಎರಡೂ ಮೊಣಕಾಲು ಪರೀಕ್ಷಿಸಿದೆ. ಪುರಾವೆ ಇಲ್ಲದೆ ಏನನ್ನೂ ಒಪ್ಪದ ನಾನು ಇಷ್ಟು ವರ್ಷ ಈ ಪುರಾವೆಗಾಗಿ ಒಮ್ಮೆಯೂ ಬಗ್ಗಿರಲಿಲ್ಲ. ಹೊರಗೆ ಬಂದಾಗ ಇಕ್ಬಾಲ್, ಅವತ್ತು ನೀನು ಸಾರಿಗೆ ಉಪ್ಪೇ ಹಾಕಿರಲಿಲ್ಲ, ಅದೂ ಮರೆತಿರಬೇಕು ಎಂದ.

ಮನೆಗೆ ಬರುವಾಗ ಸುಳ್ಳು ಹೇಳಿದೆನೆಂಬ ನಾಚಿಕೆಗಿಂತ ಹೆಚ್ಚಾಗಿ, ಆ ಅಜ್ಜಿ ಇವತ್ತೇ ತೀರಿಕೊಂಡಂತೆ ಅನ್ನಿಸುತ್ತಿತ್ತು. ಸುನಂದಾ ಎಲ್ಲ ಕೇಳಿ, "ಖರೇ ಹೇಳಿಬಿಡ್ರಿ. ನಾಳೆ ಆಕಿಗೇ ಗೊತ್ತಾದ್ರ ನಿಮ್ಮ ಮಾತು ಒಂದೂ ನಂಬೂದಿಲ್ಲ" ಅಂದಳು. ಹೇಳುವುದೆಂದು ನಿಶ್ಚಯಿಸಿದೆ. ಆದರೆ ಮೊದಲೇ ಹೇಳಿದರೆ ರೈಲನ್ನೇ ಹತ್ತದೆ ಕೋಣೆಗೆ ಮರಳಿಬಿಟ್ಟಾಳು ಎಂದು, ಅವಳು ಊರು ಮುಟ್ಟುವ ತನಕ ಕಾದೆ.

ಶನಿವಾರ ಮಧ್ಯಾಹ್ನ ವಿಡಿಯೋ ಕಾಲ್ ಬಂತು. ನಾನು ವಾಕ್ಯವನ್ನು ಬಾಯಿಪಾಠ ಮಾಡಿ ಕೂತಿದ್ದೆ. ನೋಡಿದರೆ ಪ್ರಾಚಿಯ ಜೊತೆ ಇನ್ನೂ ನಾಲ್ಕು ಮುಖಗಳು, ಎಲ್ಲರ ಮೂಗೂ ಚಳಿಗೆ ಕೆಂಪು. ರೈಲಿನಲ್ಲಿ ಅಜ್ಜಿಯ ಕಥೆ ಹೇಳಿದ್ದಳಂತೆ. ಈಗ ಐವರೂ ಸೇರಿ ಹೊಳೆದಂಡೆಯ ಮೆಟ್ಟಿಲುಗಳನ್ನೆಲ್ಲ ಜಾಲಾಡುತ್ತಿದ್ದರು. ಒಬ್ಬ ಹುಡುಗ ನನ್ನ ಹಾಗೆ ಜಾರಿ ಬೀಳುವುದನ್ನು ನಟಿಸಿ ತೋರಿಸಿದ. ಪ್ರಾಚಿ ನಗುತ್ತ ಅವನ ಬೆನ್ನಿಗೊಂದು ಗುದ್ದಿದಳು. ಅವಳು ಹಾಗೆ ನಕ್ಕದ್ದನ್ನು ನೋಡಿ ನಾಲ್ಕು ತಿಂಗಳಾಗಿತ್ತು.

"ಅಪ್ಪಾ, ಇದಾ, ಆ ಸೈಡಿನದಾ? ಬೇಗ ಹೇಳು, ಇವರಿಗೆಲ್ಲ ಫೋಟೋ ಬೇಕಂತೆ."

ಸುನಂದಾ ನನ್ನ ಮೊಣಕೈ ತಿವಿದಳು. ಹೇಳಿ ಎಂದೋ, ಬೇಡ ಎಂದೋ, ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

"ಆ ಕಡೇದು," ಎಂದೆ. "ಕೆಳಗಿಂದ ಮೂರನೇದು."

ಐವರೂ ಓಡಿದರು. ಫೋನಿನಲ್ಲಿ ಆಕಾಶ, ಯಾರದೋ ಶೂ, ಒದ್ದೆ ಕಲ್ಲು ಕಂಡು ಕರೆ ಕಡಿದುಹೋಯಿತು. ಮುಂದಿನ ಶನಿವಾರ ಅವಳ ಫೋನು ಬರಲಿಲ್ಲ. ಅದೇ ಗುಂಪಿನ ಜೊತೆ ಇನ್ನಾವುದೋ ಊರಿಗೆ ಹೋಗಿದ್ದಾಳೆಂದು ಸಂಜೆ ಎರಡು ಸಾಲಿನ ಮೆಸೇಜು ಬಂತು. ಸುನಂದಾ ಅದನ್ನು ನಾಲ್ಕು ಸಲ ಓದಿದಳು.

ಮೆಟ್ಟಿಲ ಮೇಲೆ ಐವರೂ ಕೂತ ಫೋಟೋವನ್ನು ಇಕ್ಬಾಲನಿಗೆ ಕಳಿಸಿದ್ದೆ. ತಾನು ಬಿದ್ದ ಜಾಗ ಇದು ಅಲ್ಲವೇ ಅಲ್ಲ ಎಂದು ಅವನು ಬರೆದ. ನಿನಗೆ ವಯಸ್ಸಾಯಿತು, ಸರಿಯಾಗಿ ನೆನಪು ಮಾಡಿಕೋ ಎಂದು ನಾನು ಉತ್ತರಿಸಿದೆ.