ಗೆಣಸಿನ ಪೇಯವೂ ಮಾವನವರ ಧೋತರವೂ

ತೇರದಾಳದ ನನ್ನ ಮಾವ ಈರಪ್ಪನವರು ಈ ಹದಿನೇಳು ವರ್ಷಗಳಲ್ಲಿ ಜಗತ್ತಿನ ಸಮಸ್ತಕ್ಕೂ ‘ಭೇಷ್’ ಅಂದಿದ್ದಾರೆ. ಬಸ್ಸು ವೇಳೆಗೆ ಸರಿಯಾಗಿ ಬಂದರೆ ಭೇಷ್. ಎಮ್ಮೆ ಈದರೆ ಭೇಷ್. ಒಮ್ಮೆ ಮುಧೋಳದಲ್ಲಿ ಯಾರದೋ ಬೇಟೆನಾಯಿ ಅವರ ಚಪ್ಪಲಿ ಕಚ್ಚಿಕೊಂಡು ಓಡಿತು. ಆಗಲೂ “ಏನ್ ಓಡತೈತಲೇ, ಭೇಷ್!” ಎಂದು ಬರಿಗಾಲಲ್ಲಿ ನಿಂತು ಮೆಚ್ಚಿದ ಮಹಾನುಭಾವರು. ನನಗೆ ಮಾತ್ರ ಒಂದು ಸಲವೂ ಅಂದಿಲ್ಲ. ಕೇಳಿದವರಿಗೆಲ್ಲ ಅವರು ಹೇಳುವುದು ಒಂದೇ ಮಾತು: “ಅಳಿಯಂದ್ರು ಮನಷ್ಯಾ ಛಲೋ ಅದಾರ. ಕೈಯಾಗ ಕೆಲಸಿಲ್ಲ.”

(ನಾನು ಬನಹಟ್ಟಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ. ನಲವತ್ತು ವರ್ಷ ಮಗ್ಗ ನಡೆಸಿದವರ ಕಣ್ಣಿಗೆ ಸೀಮೆಸುಣ್ಣ ಹಿಡಿಯುವುದು ಕೆಲಸವೇ ಅಲ್ಲ.)

ಅವರ ಬಾಯಿಂದ ಆ ಒಂದು ಶಬ್ದ ಕೇಳಿಯೇ ಸಾಯಬೇಕೆಂದು ನಾನು ಹಟ ಹಿಡಿದಿದ್ದೆ. ದಾರಿ ತೋರಿಸಿದ್ದು ಮೊಬೈಲು. ಯಾವುದೋ ದೇಶದ ಹುಡುಗಿ ಗೆಣಸು ಬೇಯಿಸಿ, ಅರೆದು, ಬಿಸಿಬಿಸಿ ಪೇಯ ಮಾಡಿ, ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ ಕುಡಿಯುತ್ತಿದ್ದಳು. ಮೋಕ್ಷ ಸಿಕ್ಕವರ ಮುಖ!

“ಅಕ್ಷತಾ, ಇಲ್ನೋಡು. ಶನಿವಾರ ನಿಮ್ಮಪ್ಪ ಬರ್ತಾರಲ್ಲ, ನನ್ನ ಕೈಯಾರೆ ಇದನ್ನ ಮಾಡಿ ಕುಡಸ್ತೀನಿ,” ಅಂದೆ.

“ಗೆಣಸ ತಿನ್ನೂದ್ರಿ,” ಅಂದಳು ನನ್ನ ಹೆಂಡತಿ. “ಕುದಿಸಿ ತಿನ್ನೂದು, ಸುಟ್ಟು ತಿನ್ನೂದು, ಹೋಳಿಗಿ ಮಾಡಿ ತಿನ್ನೂದು. ಕುಡಿಯೂದು ಎಲ್ಲೈತಿ?”

“ಹತ್ತು ಲಕ್ಷ ಮಂದಿ ನೋಡ್ಯಾರ ಇದನ್ನ!”

“ಅವರ್ಯಾರೂ ನಮ್ಮ ಅಡಿಗಿಮನಿ ತಿಕ್ಕಾಕ ಬರೂದಿಲ್ಲಲ್ಲ.”

ಶನಿವಾರ ಬೆಳಗಿನ ಸಾಲಿ ಮುಗಿಸಿ ಬಂದವನೇ ಸೊಂಟಕ್ಕೆ ಟವೆಲ್ ಕಟ್ಟಿದೆ. ಮೂರು ಕಿಲೋ ಗೆಣಸು. ಮಹಾಲಿಂಗಪುರದ ಬೆಲ್ಲ. ಗಟ್ಟಿ ಹಾಲು. ಮಿಕ್ಸರಿನ ಮುಚ್ಚಳ ಒತ್ತಿ ಹಿಡಿಯಬೇಕೆಂಬ ಸೂಕ್ಷ್ಮವನ್ನು ಆ ಹುಡುಗಿ ಹೇಳಿರಲಿಲ್ಲ. ಅರ್ಧ ಕಿಲೋ ಗೆಣಸು ಮಾಳಿಗೆಗೆ ಹತ್ತಿಕೊಂಡಿತು, ಒಂದಿಷ್ಟು ಫ್ಯಾನಿನ ರೆಕ್ಕೆಗೆ. ಉಳಿದದ್ದಕ್ಕೆ ಹಾಲು ಸುರಿದು ಕುದಿಸಿ ಬೆಲ್ಲ ಹಾಕಿದೆನೋ ಇಲ್ಲವೋ, ಹಾಲು ಒಡೆಯಿತು. ನಾನು ಅಧೀರನಾಗಲಿಲ್ಲ. ಹಾಲಿಗೆ ಪ್ರಯೋಗಶಾಲೆಯಿಂದಲೇ ಗಡೀಪಾರು ವಿಧಿಸಿ, ಹೊಸ ಗೆಣಸು ತಂದು, ಬರೀ ನೀರು, ಬೆಲ್ಲದಲ್ಲಿ ಎರಡನೆಯ ಯತ್ನಕ್ಕಿಳಿದೆ. ಅದು ಗಟ್ಟಿಯಾಯಿತು. ನೀರು ಹಾಕಿದೆ. ಕುದಿಯಿತು, ಮತ್ತೆ ಗಟ್ಟಿಯಾಯಿತು. ಮತ್ತೆ ನೀರು. ಪಾತ್ರೆ ಸಾಲದಾಗಿ ದೊಡ್ಡದಕ್ಕೆ ಸುರಿದೆ, ಅದೂ ಸಾಲದಾಗಿ ಹಬ್ಬದ ಬೋಗಾಣಿಯನ್ನೇ ಇಳಿಸಿದೆ. (ಗೆಣಸಿನಲ್ಲಿ ಪಿಷ್ಟ ಇರುತ್ತದೆ, ಪಿಷ್ಟ ಬಿಸಿನೀರಿನಲ್ಲಿ ಉಬ್ಬುತ್ತದೆ. ಇದನ್ನು ನಾನು ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಕಲಿಸುತ್ತ ಬಂದಿದ್ದೇನೆ. ಏನು ಮಾಡುವುದು, ಕಲಿಸಿದ್ದೆಲ್ಲ ನೆನಪಿರಬೇಕೆಂದು ಎಲ್ಲಿದೆ?) ಕೊನೆಗೆ ತೆಳು ಬಟ್ಟೆಯಲ್ಲಿ ಸೋಸಿದಾಗ ಬೋಗಾಣಿಯ ತುಂಬ ನುಣ್ಣಗೆ, ಹೊಳೆಯುತ್ತ ನಿಂತಿತು ನನ್ನ ಪೇಯ.

“ಮನ್ಯಾಗ ಮೂರ ಮಂದಿ,” ಅಂದಳು ಅಕ್ಷತಾ. “ಇದು ಇಡೀ ಓಣಿಗೆ ಸಾಕಾಗತೈತಿ. ಮೊದಲ ನನ್ನ ಒಲಿ ಬಿಡ್ರಿ, ಅನ್ನಕ್ಕ ಇಡಬೇಕು.”

ಬೋಗಾಣಿಯನ್ನು ಹಿತ್ತಲಿಗೆ ಹೊತ್ತು ಒಗೆಯುವ ಕಲ್ಲಿನ ಮೇಲಿಟ್ಟೆ. ಅಷ್ಟು ಘನವಾದ ಪೇಯಕ್ಕೆ ಸ್ಟೀಲಿನ ಲೋಟ ಒಪ್ಪುವುದಿಲ್ಲವೆಂದು ಹಿಡಿಕೆಯಿರುವ ಗಾಜಿನ ಕಪ್ಪು ತರಲು ಪೇಟೆಗೆ ಓಡಿದೆ.

ಅರ್ಧ ತಾಸಿಗೆ ತಿರುಗಿ ಬಂದರೆ, ಹಿತ್ತಲಲ್ಲಿ ಮಾವನವರು! ಅಂಗಿಯ ತೋಳು ಮಡಚಿ, ನನ್ನ ಪೇಯದೊಳಗೆ ಮೊಣಕೈತನಕ ಕೈ ಇಳಿಸಿ ನಿಂತಿದ್ದಾರೆ. ಒಳಗೆ ಅವರ ಧೋತರ ಮುಳುಗಿದೆ. ಪಕ್ಕದಲ್ಲಿ ಶಲ್ಯ ಸರದಿ ಕಾಯುತ್ತಿದೆ.

ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಕೈ ಮೇಲೆತ್ತಿ, ಎರಡು ಬೆರಳ ನಡುವೆ ಪೇಯವನ್ನು ಎಳೆದು ಬಿಸಿಲಿಗೆ ಹಿಡಿದು ನೋಡಿದರು.

“ಭೇಷ್!” ಅಂದರು. “ಅಳಿಯಂದ್ರ, ಭೇಷ್! ನಲವತ್ತ ವರ್ಷ ನೂಲಿಗೆ ಗಂಜಿ ಹಾಕೇನಿ, ಇಂಥಾ ಹದಾ ನನಗೂ ಸಾಧಿಸಿಲ್ಲ. ನಾಳೆ ಜಮಖಂಡಿ ಲಗ್ನದಾಗ ಮಾವ ಕಡಕ್ ಧೋತರ ಉಡಲಿ ಅಂತ ಸಾಲಿಯಿಂದ ಬಂದಾಗಿಂದ ಒಲಿ ಮುಂದ ನಿಂತೀರಂತಲ್ಲ! ನಾ ಹಡದ ಮಕ್ಕಳಿಗೂ ಇದು ತಿಳಿಲಿಲ್ಲ ನೋಡ್ರಿ.”

ಅವರ ಕಣ್ಣಲ್ಲಿ ನೀರು. (ಬೆಲ್ಲದ ವಾಸನೆ ಹತ್ತಲಿಲ್ಲವೇ ಎಂದು ಕೇಳಬೇಡಿ. ಅಷ್ಟು ವರ್ಷ ನಶ್ಯ ಏರಿಸಿದ ಮೂಗಿಗೆ ಬೆಲ್ಲವೂ ಒಂದೇ, ಬೂದಿಯೂ ಒಂದೇ.) ಹದಿನೇಳು ವರ್ಷ ಕಾದ ಶಬ್ದ ಒಂದೇ ಉಸಿರಿಗೆ ಎರಡು ಸಲ ಬಂದಿತ್ತು. ನನ್ನ ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಾದವು. ‘ಅದು ಗಂಜಿಯಲ್ಲ’ ಎಂಬ ಮಾತು ನಾಲಗೆಯ ತುದಿಗೆ ಬಂದು, ಒಳ್ಳೆಯ ಹುಡುಗನಂತೆ ವಾಪಸು ಹೋಯಿತು.

“ಅದೇನ್ ದೊಡ್ಡ ಕೆಲಸ ಬಿಡ್ರಿ ಮಾವಾರ,” ಅಂದೆ.

ಒಳಗೆ ಹೋಗಿ ಹೆಂಡತಿಯನ್ನು ಹಿಡಿದೆ. “ನಿಮ್ಮಪ್ಪಗ ಹೇಳಬಾರದೇನ, ಅದು ಕುಡಿಯೂದಂತ?”

“ಅದನ್ನ ನೋಡಿದ್ರ ಕುಡಿಯೂದಂತ ನನಗರ ಎಲ್ಲಿ ಅನ್ನಿಸ್ತು?” ಅಂದಳು. “ಆದ್ರ ಈಗ ಹೇಳಿಬಿಡ್ರಿ. ಅದರಾಗ ಬೆಲ್ಲ ಐತಿ. ಇರಿವಿ ಮುಕರತಾವು.”

“ಸುಮ್ನಿರs ಮಾರಾಯ್ತಿ. ಭೇಷ್ ಅಂದಾರ. ಎರಡ ಸಲ!”

ಸಂಜೆಯೊಳಗೆ ಧೋತರ ಒಣಗಿ ಹಲಗೆಯಾಯಿತು. ಇಸ್ತ್ರಿ ಮಾಡುವಾಗ ಮನೆಯೆಲ್ಲ ಚಿಕ್ಕಿಯ ವಾಸನೆ ಹಬ್ಬಿತು. ಮಡಿಕೆ ಹಾಕಿ ನಿಲ್ಲಿಸಿದರೆ ಗೋಡೆಯ ಆಸರೆಯಿಲ್ಲದೆ ತಾನೇ ನಿಂತಿತು, ನನ್ನಾಣೆ.

ಮರುದಿನ ಜಮಖಂಡಿಯ ಕಲ್ಯಾಣಮಂಟಪದಲ್ಲಿ ಮಾವನವರು ಹಿರಿಯರ ಸಾಲಿನ ಮೊದಲ ಕುರ್ಚಿಯಲ್ಲಿ ಕೂತರು. ನಡೆದರೆ ಕರಕರ, ಕೂತರೆ ಕಟಕಟ. ಬಂದವರಿಗೆಲ್ಲ ಧೋತರದ ಅಂಚು ಮುಟ್ಟಿಸಿ, “ನಮ್ಮ ಚಿದಾನಂದ ಮಾಸ್ತರರ ಕೈಗುಣರೀ! ಮೊದಲ ನನಗ ತಿಳಿದಿದ್ದಿಲ್ಲ, ಹುಲಿ ಅದಾರ ಹುಲಿ!” ಎನ್ನುತ್ತಿದ್ದರು. ಹುಲಿ ಪಕ್ಕದಲ್ಲೇ ನಿಂತು ವಿನಯದಿಂದ ನೆಲ ನೋಡುತ್ತಿತ್ತು. ನೋಡುತ್ತಿದ್ದದ್ದರಿಂದಲೇ ಕಂಡದ್ದು: ಬೂಂದಿಯ ಬುಟ್ಟಿ ಇಟ್ಟಿದ್ದ ಮೂಲೆಯಿಂದ ಹೊರಟ ಕೆಂಪಿರುವೆಗಳ ದಿಬ್ಬಣ, ಬೂಂದಿಯನ್ನೇ ಬಿಟ್ಟು, ನೇರ ಮಾವನವರ ಪಾದದ ಕಡೆಗೆ ಬರುತ್ತಿತ್ತು.

ಹೇಳಿದರೆ ಭೇಷ್ ಹೋಗುತ್ತದೆ. ಹೇಳದಿದ್ದರೆ ಮಾವ ಹೋಗುತ್ತಾರೆ. ಮಧ್ಯಮಾರ್ಗವಾಗಿ ನಾನು ಅವರ ಕಾಲ ಬುಡದಲ್ಲಿ ಮಂಡಿಯೂರಿ, ಕರವಸ್ತ್ರದಿಂದ ಇರುವೆ ಕೊಡವತೊಡಗಿದೆ.

“ಅಯ್ಯ, ಏನ್ ಭಕ್ತಿ ಅಳಿಯಂದು!” ಎಂದರು ಹಿಂದಿನ ಸಾಲಿನ ಸಾವಿತ್ರೆವ್ವ, ಮಾವನವರ ತಂಗಿ. “ಮಂದ್ಯಾಗ ಪಾದಾ ಒರಸಾಕತ್ತಾನಲ್ಲs!”

“ಏಳ್ರಿ ಅಳಿಯಂದ್ರ, ಏಳ್ರಿ,” ಎಂದು ಮಾವ ಗದ್ಗದಿತರಾಗಿ ನನ್ನ ಭುಜ ಹಿಡಿದೆತ್ತಿದರು. ನಾನು ಎದ್ದೆ. ಇರುವೆಗಳು ಹತ್ತಿದವು.

ಆಮೇಲಿನದನ್ನು ನೋಡಿದವರು ಇಂದಿಗೂ ಹೇಳುತ್ತಾರೆ. ಎಪ್ಪತ್ತರ ಮಾವನವರು “ಯಪ್ಪಾ!” ಎಂದು ಕುರ್ಚಿ ಬಿಟ್ಟು ನೆಗೆದರು. ಒಂದು ಕಾಲು, ಇನ್ನೊಂದು ಕಾಲು, ಎರಡೂ ಕಾಲು. ಅಜ್ಜನಿಗೆ ಹುರುಪು ಬಂತೆಂದು ತಿಳಿದ ಬ್ಯಾಂಡಿನವರು ಜೋರಾಗಿ ಬಾರಿಸತೊಡಗಿದರು. ಹುಡುಗರು ಸೀಟಿ ಹಾಕಿದರು. ನಾನು ಗಾಬರಿಯಾಗಿ, ಕೈಗೆ ಸಿಕ್ಕ ತುಂಬಿದ ಬಿಂದಿಗೆಯನ್ನು ಎತ್ತಿ ಮಾವನವರ ಸೊಂಟದಿಂದ ಕೆಳಗೆ ಸುರಿದೆ.

ಇರುವೆಗಳೇನೋ ಹೋದವು. ಗೆಣಸು ಎಚ್ಚೆತ್ತಿತು. ಧೋತರ ಲೊಳಲೊಳ ಕರಗಿ, ಎರಡೂ ಕಾಲು ಸೇರಿಸಿ ಗಪ್ಪನೆ ಅಂಟಿಕೊಂಡಿತು. ಮಾವನವರು ನೆಟ್ಟ ಕಂಬವಾದರು.

“ಎಂಥಾ ಗಂಜಿ ಇದು ಮಾಸ್ತರ?” ಅಂದರು.

ಇನ್ನು ಮುಚ್ಚಿಡಲು ಜಾಗವಿರಲಿಲ್ಲ. “ಅದು ಗಂಜಿ ಅಲ್ರಿ ಮಾವಾರ,” ಅಂದೆ. “ಗೆಣಸಿನ ಪೇಯ. ನೀವು ಕುಡೀಲಿ ಅಂತ ಮಾಡಿದ್ದೆ.”

ಬ್ಯಾಂಡು ನಿಂತಿತು.

“ನಾ ಕುಡಿಯಾಕ?”

“ಹೂಂರಿ.”

“ಇದನ್ನ?”

“ಹೂಂರಿ.”

ಅವರು ನನ್ನನ್ನೇ ದಿಟ್ಟಿಸಿದರು. “ನೀವು ಕುಡದು ನೋಡೀರೇನು?”

ನೆನಪಿಸಿಕೊಂಡೆ. ಅಷ್ಟೆಲ್ಲ ಅರೆದು, ಕುದಿಸಿ, ಸೋಸಿ, ಕಪ್ಪು ತಂದವನು ಒಂದು ಹನಿಯನ್ನೂ ನಾಲಗೆಗೆ ಹಚ್ಚಿರಲಿಲ್ಲ. “ಮೊದಲ ಗುಟುಕು ನಿಮಗs ಅಂತ...” ಎಂದು ತೊದಲಿದೆ.

ಮಾವನವರು ಸಿಟ್ಟಾಗಲಿಲ್ಲ. ಆಗಿದ್ದರೆ ಎಷ್ಟೋ ಚೆನ್ನಾಗಿತ್ತು. ಹೆಗಲ ಮೇಲಿನ, ಅದೇ ಪೇಯ ಕುಡಿದ ಶಲ್ಯ ತೆಗೆದು, ಅದರ ಚುಂಗನ್ನು ಬಿಂದಿಗೆಯ ತಳದಲ್ಲಿ ಉಳಿದ ನೀರಿಗೆ ಅದ್ದಿ, ಮೆತ್ತಗೆ ಹಿಸುಕಿ, ನನ್ನ ಬಾಯಿಯ ಮುಂದೆ ಹಿಡಿದರು.

“ತಗೋರಿ. ಹೆಂಗೈತಿ, ಮಂದಿಗಿ ಕೇಳೂವಂಗ ಹೇಳ್ರಿ.”

ಅತ್ತ ಹೆಂಗಸರ ಸಾಲಿನಲ್ಲಿ ಅಕ್ಷತಾ ಬಾಯಿಗೆ ಸೆರಗು ತುರುಕಿಕೊಂಡು ಅಲುಗುತ್ತಿದ್ದಳು. ವಧುವರರು ಮಂಟಪದಿಂದ ಕತ್ತು ಚಾಚಿದ್ದರು. ನಾನು ಕಣ್ಣು ಮುಚ್ಚಿ ಚೀಪಿದೆ. ಬೆಲ್ಲ, ಗೆಣಸು, ಸೀದ ಇಸ್ತ್ರಿ, ಸಾಬೂನು, ಡಾಂಬರು ಗುಳಿಗೆ, ಜೊತೆಗೆ ಒಂದು ಜೀವಂತ ಇರುವೆ. ಅದು ನನ್ನ ನಾಲಗೆಯನ್ನು ಕಚ್ಚಿ ಹಿಡಿಯಿತು.

“ಭೇಷ್ ಐತ್ರಿ!” ಎಂದು ಚೀರಿದೆ.