ಮಾಸ್ತರರ ಜಾಝ್ ಕ್ಯಾಸೆಟ್

ಸಾವು ಹತ್ತಿರ ಬಂದ ಮನೆಯಲ್ಲೇ ಯಾಕೆ ನಗು ಬರುವಂಥ ಪ್ರಸಂಗಗಳು ಹೆಚ್ಚೋ, ನನಗಂತೂ ತಿಳಿದಿಲ್ಲ. ನಾನು ಕಲಬುರ್ಗಿಯ ಖೂಬಾ ಪ್ಲಾಟ್ ಬಡಾವಣೆಯ ಬ್ಯಾಂಕ್ ಗುಮಾಸ್ತ, ಸಂಜೆ ಗಿಟಾರ್ ಬಾರಿಸುವವನು. ಮಾಸ್ತರ್ ಅದೇ ಊರಿನ ರೋಜಾ ಓಣಿಯವರು, ಮದುವೆ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ಊದಿ ಊದಿ ಮುದುಕರಾದವರು. ಹರೆಯದಲ್ಲಿ ಹೈದರಾಬಾದಿನ ಹೋಟೆಲೊಂದರಲ್ಲಿ ಜಾಝ್ ಕಲಿತಿದ್ದರು. ತೊಂಬತ್ತರ ದಶಕದ ಶುರುವಿನಲ್ಲಿ ಡಾಕ್ಟರು ಅವರ ಎದೆಯ ಎಕ್ಸ್‌ರೇ ನೋಡಿ, "ಇನ್ನ ಊದೂದು ಬಿಡ್ರಿ" ಅಂದರು. ಮಾಸ್ತರ್ ಅಲ್ಲಿಂದ ಸೀದಾ ನನ್ನ ಬ್ಯಾಂಕಿಗೆ ಬಂದರು.

"ಲಗೂನ ಒಂದು ಕ್ಯಾಸೆಟ್ ಮಾಡೂಣ್ರಿ. ಬಿಡೂದು ಹೆಂಗೂ ಇದ್ದೇ ಅದ."

೧. ಕೆಮ್ಮು

ಸಣ್ಣ ರೆಕಾರ್ಡಿಂಗ್ ರೂಮು. ಅವರ ಕ್ಲಾರಿಯೋನೆಟ್, ನನ್ನ ಗಿಟಾರ್, ಅಷ್ಟೇ. ನಡುವೆ ಮಾಸ್ತರಿಗೆ ಕೆಮ್ಮು ಹತ್ತಿತು. ಗಾಬರಿಯಲ್ಲಿ ನಾನು ಬಾರಿಸುತ್ತಲೇ ಇದ್ದೆ. ಕೆಮ್ಮು ನಿಂತ ಮೇಲೆ, "ಮತ್ತ ಮೊದಲಿಂದ ತಗೋರಿ" ಅಂದೆ.

ರೆಕಾರ್ಡ್ ಮಾಡುವವನು ಹೇಳಿದ: "ಯಾಕ್ರಿ? ಅವರು ತಾಳಕ್ಕ ಸರಿಯಾಗೇ ಕೆಮ್ಮ್ಯಾರ. ತಪ್ಪಿದ್ದು ನಿಮ್ಮ ಗಿಟಾರ್."

೨. ಕಮಲಾಪುರದ ಅಭಿಮಾನಿ

ಕ್ಯಾಸೆಟ್ ಯಾರೂ ಕೊಳ್ಳಲಿಲ್ಲ. ಕಮಲಾಪುರದ ಬಾಳೆ ತೋಟದವನೊಬ್ಬ ಮಾತ್ರ ದಿನಾ ಹಚ್ಚುತ್ತಾನೆಂದು ಸುದ್ದಿ ಬಂತು. ಬಸ್ಸಿನಲ್ಲಿ ಉಸಿರಿಗೆ ಒದ್ದಾಡುತ್ತಲೇ ಮಾಸ್ತರ್ ನನ್ನ ಜೊತೆ ಹೊರಟರು. ಆತ ಕೆಂಪು ಬಾಳೆಹಣ್ಣು ಕೊಟ್ಟು ಕೂಡಿಸಿದ.

"ಭಾಳ ಉಪಕಾರ ಆತ್ರಿ. ತೋಟದಾಗ ಇದನ್ನ ಹಚ್ಚಿಟ್ರ ಮಂಗ್ಯಾ ಒಂದೂ ಬರ್ತಿದ್ದಿಲ್ಲ."

ಹಣ್ಣು ಸುಲಿಯುತ್ತಿದ್ದ ಮಾಸ್ತರ್ ಕೈ ನಿಲ್ಲಿಸಿದರು. "ಬರ್ತಿದ್ದಿಲ್ಲ ಅಂದ್ರ?"

"ಈಗ ಬರಾಕತ್ತಾವ್ರಿ. ಕೇಳಿ ಕೇಳಿ ರೂಢಿ ಆಗ್ಯಾದ. ಇನ್ನೊಂದು ಕ್ಯಾಸೆಟ್ ಮಾಡ್ರಿ."

ಬಸ್ಸಿನಲ್ಲಿ ಮಾಸ್ತರ್ ನಕ್ಕು ನಕ್ಕು ಕೆಮ್ಮಿದರು. ಕರವಸ್ತ್ರದಲ್ಲಿ ರಕ್ತ ಬಿತ್ತು. ಅದನ್ನು ಮಡಚಿ ಜೇಬಿಗೆ ಹಾಕಿಕೊಂಡು, "ಕಲಬುರ್ಗಿ ಮಂದಿಕಿಂತ ಮಂಗ್ಯಾ ಲಗೂ ಕಲ್ತಾವ ನೋಡ್ರಿ" ಅಂದರು.

೩. ದವಾಖಾನೆ

ನರ್ಸಮ್ಮ ಉಸಿರಿನ ಕಸರತ್ತಿಗೆಂದು ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ನಳಿಗೆಯಲ್ಲಿ ಊದಿದರೆ ಒಳಗಿನ ಗುಂಡು ಮೇಲೇಳಬೇಕು. ಮಾಸ್ತರ್ ಕಣ್ಣು ಮುಚ್ಚಿ ಊದಿದರು. ಗುಂಡು ಅಲುಗಲಿಲ್ಲ. ನನಗೆ ಅವರ ಮುಖ ನೋಡಲಾಗಲಿಲ್ಲ. ಅವರು ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಕೊಟ್ಟರು.

"ವಾದ್ಯ ಕೆಟ್ಟದ. ಬ್ಯಾರೆ ಕೊಡ್ರಿ."

ಆ ವಾರವೇ ಹೋದರು.

೪. ಹಾಲು

ಐದಾರು ತಿಂಗಳ ಮೇಲೆ ನಾನೂ ನನ್ನ ಹೆಂಡತಿಯೂ ಅವರ ಮನೆಗೆ ಹೋದೆವು. ಮಾಸ್ತರರ ಹೆಂಡತಿ, ನಮ್ಮ ಭಾಭಿ, ಕ್ಯಾಸೆಟ್ ಹಚ್ಚಿದ್ದರು. ಮಾಸ್ತರ್ ಬದುಕಿದ್ದಾಗ "ಆ ಪೀಪಿ ಬಂದ್ ಮಾಡ್ರಿ" ಅನ್ನುತ್ತಿದ್ದವರು ಇವರೇ. ಅಷ್ಟರಲ್ಲಿ ಹಳೇ ಹಾಲಿನವನು ಬಂದ. ಕಾಲು ಮುರಿದುಕೊಂಡು ತನ್ನ ಹಳ್ಳಿಯಲ್ಲಿದ್ದವನು ಆವತ್ತೇ ಮರಳಿದ್ದ. ಅವನಿಗೆ ಸುದ್ದಿ ಗೊತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಕೇಳಿದ.

"ಮಾಸ್ತರ್ ಏನ್ ಚಂದ ಊದಾಕತ್ತಾರ್ರಿ ಭಾಭಿ. ಆರಾಮ ಆದ್ರಲ್ಲ. ನಾಳಿಂದ ಹಾಲು ಹೆಚ್ಚಿಗಿ ಹಾಕ್ಲೇನು?"

ಭಾಭಿ ಪಾತ್ರೆ ಹಿಡಿದು ಎದ್ದರು.

"ಬ್ಯಾಡಪ್ಪ. ಈಗ ಅವರು ಬರೇ ಊದ್ತಾರ. ಕುಡಿಯಂಗಿಲ್ಲ."