ಚೇಂಬರಿನ ಸಾಹೇಬರು, ಪೀಠದ ಸಾಹೇಬರು

ಕೋರ್ಟಿನಲ್ಲಿ ನಗಬಾರದು ಅನ್ನುತ್ತಾರೆ; ನಗು ತಡೆದುಕೊಳ್ಳದ ದಿನ ನನ್ನ ನೌಕರಿಯಲ್ಲಿ ಒಂದೂ ಬರಲಿಲ್ಲ. ರಾಯಚೂರಿನಲ್ಲಿ ಬಿ.ಎ. ಮುಗಿಸಿ ಬೆಂಚ್ ಕ್ಲರ್ಕ್ ಆದವನು, ದೇವದುರ್ಗ, ಮಾನ್ವಿ ಸುತ್ತಿ ಈಗ ಹಾಯಾಗಿ ರಿಟೈರಾಗಿದ್ದೇನೆ. ನಾನು ಕಂಡ ಜಡ್ಜ್ ಸಾಹೇಬರಿಗೆ ಎರಡೆರಡು ಕೆಲಸ. ಚೇಂಬರಿನಲ್ಲಿ ಕೋಟು ಬಿಚ್ಚಿ ಕೂತು ರಾಜಿ ಮಾಡಿಸುವುದು. ಆಗದಿದ್ದರೆ ಕೋಟು ಹಾಕಿಕೊಂಡು ಹೊರಗೆ ಪೀಠದ ಮೇಲೆ ಕೂತು ತೀರ್ಪು ಕೊಡುವುದು. ಮನುಷ್ಯ ಒಬ್ಬನೇ. ಆದರೆ ನಮ್ಮ ಜನ ಹಾಗೆ ತಿಳಿಯಬೇಕಲ್ಲ!

ಕೋಟು

ದೇವದುರ್ಗದಲ್ಲಿ ಅಕ್ಕಪಕ್ಕದ ಮನೆಯ ಇಬ್ಬರು ಮುದುಕಿಯರು. ಬಚ್ಚಲ ನೀರು ಯಾರ ಅಂಗಳಕ್ಕೆ ಹರಿಯಬೇಕು ಅನ್ನುವ ದಾವೆ. ಸಾಹೇಬರು ಕೋಟನ್ನು ಮೊಳೆಗೆ ತೂಗುಹಾಕಿ, ಮನೆಮಂದಿಯ ಹಾಗೆ ಮಾತಾಡಿರಿ ಅಂದರು. ದಾವೆ ಹಾಕಿದಾಕೆ ಮಾತಾಡಿದಳು, ಸಾಹೇಬರ ಚಹಾ ಆರಿ ಕೆನೆಗಟ್ಟುವ ತನಕ. ಎದುರಿನಾಕೆ ಬಾಯಿ ತೆರೆದದ್ದೇ ತಡ, ಈಕೆ ಎದ್ದು ಕೋಟು ತಂದು ಸಾಹೇಬರ ಕೈಗಿಟ್ಟಳು.

"ಯಪ್ಪಾ, ನಾ ಮಾತಾಡುವಾಗ ತೆಗದಿದ್ದಿ, ಚಲೋ ಆತು. ಈಗ ಹಾಕ್ಕೋ. ಈಕಿ ಅಂಜೋದು ಅದಕ್ಕಷ್ಟ."

ಗುಟ್ಟು

ಮಾನ್ವಿಯಲ್ಲಿ ಸಾಹೇಬರು ಬೇರೆ. ಹಿರೇಕೊಟ್ನೆಕಲ್ ಕಡೆಯ ಅಣ್ಣ-ತಮ್ಮಂದಿರು ಬಂದಿದ್ದರು. ತಮ್ಮನ ಹೊಲಕ್ಕೆ ಹೋಗುವ ಬಂಡಿದಾರಿಗೆ ಅಣ್ಣ ಮುಳ್ಳು ಹಚ್ಚಿದ್ದ. ತಮ್ಮನ ಹತ್ತಿ ಒಡೆದು ನಿಂತಿತ್ತು, ತರಲು ಬೇರೆ ದಾರಿ ಇಲ್ಲ, ಮೇಲೆ ಮೋಡ. ಅಣ್ಣನದು ಒಂದೇ ಪಟ್ಟು, ಅಲ್ಲಿ ದಾರಿಯೇ ಇರಲಿಲ್ಲ ಅಂತ.

ಸಾಹೇಬರು ಅವನೊಬ್ಬನನ್ನೇ ಒಳಗೆ ಕರೆದು, ಇಲ್ಲಿ ಆಡಿದ್ದು ಇಲ್ಲೇ ಉಳಿಯುತ್ತದೆ, ಬಿಚ್ಚಿ ಹೇಳು ಅಂದರು. ಮೂಲೆಯಲ್ಲಿ ನಾನಿದ್ದೆ. (ಈಗ ಅವನೇ ಇದನ್ನು ಊರೆಲ್ಲ ಹೇಳಿಕೊಂಡು ನಗುತ್ತಾನೆ, ಇಲ್ಲದಿದ್ದರೆ ನಾನು ಬಾಯಿ ಬಿಡುತ್ತಿರಲಿಲ್ಲ.) ಬಾಗಿಲು ಮುಚ್ಚಿದೆಯೇ ನೋಡಿ, ಅಣ್ಣ ಬಗ್ಗಿ ಪಿಸುಗುಟ್ಟಿದ.

"ಖರೇ ಹೇಳ್ತೀನ್ರಿ. ದಾರಿ ನಮ್ಮ ಮುತ್ಯಾನ ಕಾಲದಿಂದ ಅದ. ಹೊರಗಿನ ಜಡ್ಜ್ ಸಾಹೇಬ್ರ ಮುಂದ ಮಾತ್ರ ಹೇಳಬ್ಯಾಡ್ರಿ."

"ಹೊರಗ ಕೂಡ್ರೋದೂ ನಾನೇ ಅಲ್ಲೇನಪ?"

"ಗೊತ್ತದರಿ. ಅದಕ್ಕ ಕೈ ಮುಗದು ಹೇಳಾಕತ್ತೀನಿ."

ದೂರ

ಸಾಹೇಬರು ಪೇಚಿಗೆ ಬಿದ್ದರು. ಆ ಮಾತನ್ನು ಹೊರಗೆ ಬಳಸುವ ಹಾಗಿಲ್ಲ, ಕೇಳಿದ್ದನ್ನು ಮರೆಯುವುದೂ ಆಗದು. ತಮ್ಮನನ್ನೂ ಕರೆದು ಕೂರಿಸಿ, ರಾಜಿ ಆಗದಿದ್ದರೆ ಇನ್ನು ನಾನು ತೀರ್ಪು ಕೊಡುವುದು ಸರಿಯಲ್ಲ, ಕೇಸನ್ನು ರಾಯಚೂರಿನ ಬೇರೆ ಜಡ್ಜರಿಗೆ ಕಳಿಸಲು ಬರೆಯುತ್ತೇನೆ ಅಂದರು. ತಮ್ಮನ ಮುಖ ಬಾಡಿತು; ಅಷ್ಟರೊಳಗೆ ಹತ್ತಿ ಮಳೆಗೆ ಸಿಗುವುದು ಖಚಿತ. ಅಣ್ಣ ಗೆದ್ದವನ ಹಾಗೆ ಟವೆಲ್ ಕೊಡವಿ, ಅಲ್ಲಿ ತಾನು ಏನು ಮಾಡಬೇಕಾಗುತ್ತದೆ ಅಂತ ಕೇಳಿದ.

ಮತ್ತೆ ಮೊದಲಿಂದ ಶುರು, ಕರೆದಾಗೆಲ್ಲ ಹೋಗಿ ದಾರಿ ಇಲ್ಲ ಅಂತ ಹೇಳಬೇಕು ಅಂದರು ಸಾಹೇಬರು.

ಅಣ್ಣ ಕಿಟಕಿಯಾಚೆ ನೋಡಿದ. ರಾಯಚೂರಿನ ಬಸ್ಸು ಬಾಗಿಲಿಗೂ ಜನ ಜೋತುಬಿದ್ದು ಹೊರಟಿತ್ತು. ತಮ್ಮನ ಕಡೆ ತಿರುಗಿದ.

"ಲೇ, ಮುಳ್ಳು ತೆಗೀತೀನಿ, ನಾಳಿ ಬಂಡಿ ಹೊಡಿ. ಒಂದು ಸುಳ್ಳು ಹೇಳಾಕ ಅಷ್ಟು ದೂರ ಯಾವನು ಹೋಗ್ತಾನ?"